ಡೈನೊ ಹತ್ತಿಸುವ ಮುಂಚೆ ಟಯರ್ ಓದಿ

ಡೈನೊ ಎಂದರೆ ಗಾಡಿಯ ಚಕ್ರವನ್ನು ರೋಲರ್ ಮೇಲೆ ತಿರುಗಿಸಿ ಪವರ್ ಅಳೆಯುವ ಯಂತ್ರ. ಗಾಡಿಯನ್ನು ಅದಕ್ಕೆ ತರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಪಿಎಸ್ ಬರಬಹುದು?" ಪಿಎಸ್ ಎಂದರೆ ಪವರಿನ ಅಳತೆ, ಹೆಚ್ಚುಕಡಿಮೆ ಹಾರ್ಸ್‌ಪವರ್. ನಾನು ಅಷ್ಟೊತ್ತಿಗೆ ಕೆಳಗೆ ಬಗ್ಗಿ ಟಯರ್ ನೋಡುತ್ತಿರುತ್ತೇನೆ. ಎಂಜಿನ್ ಎಷ್ಟು ಕೊಡುತ್ತದೆ ಎಂದು ಅಳೆಯುವ ಮುಂಚೆ ಟಯರ್ ಎಷ್ಟು ತಡೆದುಕೊಳ್ಳುತ್ತದೆ ಎಂದು ಗೊತ್ತಿರಬೇಕು. ಎಂಜಿನ್ನಿಗೂ ರೋಲರಿಗೂ ನಡುವೆ ಇರುವುದು ಅಂಗೈಯಷ್ಟು ರಬ್ಬರ್, ಅಷ್ಟೇ.

ಮಂಗಳೂರಿನ ಬೈಕಂಪಾಡಿ ಕಡೆಯ ಒಂದು ಗ್ಯಾರೇಜಿನಲ್ಲಿ ಈ ಕೆಲಸ ಮಾಡುತ್ತಾ ನಾನೇ ಒಂದು ತಪ್ಪು ಮಾಡಿದ್ದೇನೆ. ಅದನ್ನು ಹೇಳಿಯೇ ಶುರು ಮಾಡುತ್ತೇನೆ.

2022ರಲ್ಲಿ ಒಂದು ಕಾರು ಬಂತು. ಓನರ್ ಗಲ್ಫಿನಲ್ಲಿ ಇದ್ದವರು. ವರ್ಷಕ್ಕೆ ಒಂದು ತಿಂಗಳು ಊರಿಗೆ ಬಂದಾಗ ಮಾತ್ರ ಕಾರು ಹೊರಗೆ ಬರುತ್ತಿತ್ತು. ಉಳಿದ ಹನ್ನೊಂದು ತಿಂಗಳು ಶೆಡ್ಡಿನಲ್ಲಿ. ಟಯರಿನ ಗೆರೆಗಳು ಆಳವಾಗಿದ್ದವು, ಹೊಸದರ ಹಾಗೆ. "ಟಯರ್ ಚೆನ್ನಾಗಿಯೇ ಉಂಟಲ್ಲ ಮಾರಾಯ್ರೆ" ಎಂದರು ಅವರು. ನನಗೂ ಹಾಗೇ ಕಂಡಿತು. ಡೈನೊ ಮೇಲಿನ ಎರಡನೇ ಓಟದಲ್ಲಿ, ಸುಮಾರು 140ರ ವೇಗದಲ್ಲಿ, ಎಡಗಡೆ ಟಯರಿನ ಮೇಲ್ಪದರ ಕಿತ್ತು ಬಂತು. ಬೆಲ್ಟಿನ ಹಾಗೆ ಬೀಸಿ ಬೀಸಿ ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಪುಡಿ ಮಾಡಿತು, ಎಬಿಎಸ್ ಸೆನ್ಸರಿನ ವಯರ್ ಹರಿದು ಹಾಕಿತು. ಪುಣ್ಯಕ್ಕೆ ಯಾರೂ ಆ ಸಾಲಿನಲ್ಲಿ ನಿಂತಿರಲಿಲ್ಲ. ಆಮೇಲೆ ಟಯರಿನ ಮೇಲಿನ ತಾರೀಕು ನೋಡಿದೆ: 1713. ಅಂದರೆ 2013ರ 17ನೇ ವಾರ. ಒಂಬತ್ತು ವರ್ಷ ಹಳೆಯ ಟಯರ್. ಗೆರೆ ನೋಡಿದ್ದೆ, ತಾರೀಕು ನೋಡಿರಲಿಲ್ಲ.

ಅವತ್ತಿನಿಂದ ನಾನು ಪಾಲಿಸುವ ಕ್ರಮ ಇದು. ಗಾಡಿ ನಿಮ್ಮದಾಗಿರಲಿ, ಡೈನೊ ನಿಮ್ಮದಾಗಿರಲಿ, ಇದೇ ಸಾಲಿನಲ್ಲಿ ಹೋಗಿ.

ರೋಲರ್ ಮೇಲೆ ಟಯರಿಗೆ ಆಗುವುದೇನು

ಇದು ಅರ್ಥವಾದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ರಸ್ತೆ ಚಪ್ಪಟೆ. ಟಯರ್ ಅಲ್ಲಿ ಸ್ವಲ್ಪ ಚಪ್ಪಟೆಯಾಗಿ ಕೂರುತ್ತದೆ. ರೋಲರ್ ದುಂಡಗಿದೆ, ಅದು ಟಯರಿನ ಒಳಗೆ ಒತ್ತಿಕೊಂಡು ಹೋಗುತ್ತದೆ. ರೋಲರ್ ಚಿಕ್ಕದಾದಷ್ಟು ಒತ್ತು ಜಾಸ್ತಿ, ರಬ್ಬರಿನ ಮಡಿಕೆ ಜಾಸ್ತಿ. ಮಡಿಸಿ ಬಿಡಿಸಿ, ಮಡಿಸಿ ಬಿಡಿಸಿ ಬರುವುದೇ ಬಿಸಿ. ಒಂದು ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುಟ್ಟಿ ನೋಡಿ, ಅದೇ ಕಥೆ.

185/65 ಆರ್ 15 ಅಳತೆಯ ಟಯರಿನ ಸುತ್ತಳತೆ ಸುಮಾರು 1.95 ಮೀಟರ್. ಗಂಟೆಗೆ 150 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 21 ಸಲ ತಿರುಗುತ್ತದೆ. ಒಂದು ಚಕ್ರಕ್ಕೆ ಎರಡು ಚಿಕ್ಕ ರೋಲರ್ ಇರುವ ಡೈನೊ ಆದರೆ ರಬ್ಬರಿನ ಪ್ರತಿ ತುಂಡೂ ಸೆಕೆಂಡಿಗೆ 42 ಸಲ ಮಡಿಚಿಕೊಳ್ಳುತ್ತದೆ. ರಸ್ತೆಯಲ್ಲಿ ಓಡುವಾಗ ಬೀಸುವ ಗಾಳಿ ಇಲ್ಲಿ ಇಲ್ಲ. ಹಾಗಾಗಿ ಹುಟ್ಟಿದ ಬಿಸಿ ಅಲ್ಲೇ ಕೂರುತ್ತದೆ.

ಟಯರಿನ ಮೇಲೆ ಬರೆದಿರುವ ವೇಗದ ಮಿತಿಯನ್ನು ಪರೀಕ್ಷೆ ಮಾಡುವುದೂ ಡ್ರಮ್ಮಿನ ಮೇಲೆಯೇ. ಕಾರಿನ ಟಯರುಗಳ ಯುಎನ್ (ವಿಶ್ವಸಂಸ್ಥೆಯ) 30ನೇ ನಿಯಮದಲ್ಲಿ ಆ ಡ್ರಮ್ಮಿನ ಅಡ್ಡಳತೆ 1.7 ಮೀಟರ್ ಅಥವಾ 2 ಮೀಟರ್. 1.7 ಮೀಟರಿನ ಡ್ರಮ್ ಬಳಸಿದರೆ ಪರೀಕ್ಷೆಯ ವೇಗ 10 ಕಿ.ಮೀ. ಕಡಿಮೆ. ಬರೀ 30 ಸೆಂಟಿಮೀಟರ್ ವ್ಯತ್ಯಾಸಕ್ಕೆ ಇಷ್ಟು ರಿಯಾಯಿತಿ! ಹಾಗಾದರೆ ಬಕೆಟಿನಷ್ಟು ಗಾತ್ರದ ರೋಲರಿನ ಮೇಲೆ ಅದೇ ಟಯರಿನ ಕಷ್ಟ ಎಷ್ಟಿರಬಹುದು, ನೀವೇ ಯೋಚಿಸಿ.

ನೀವು ಹೋಗುವ ಜಾಗದ ಡೈನೊದಲ್ಲಿ ರೋಲರ್ ಒಂದೇ ದೊಡ್ಡದೋ, ಎರಡು ಚಿಕ್ಕದೋ ಎಂದು ಮೊದಲೇ ಫೋನಿನಲ್ಲಿ ಕೇಳಿ. ಚಕ್ರವನ್ನೇ ಬಿಚ್ಚಿ, ಚಕ್ರ ಕೂರುವ ನಡುಭಾಗಕ್ಕೆ ಅಂದರೆ ಹಬ್‌ಗೆ ನೇರ ಜೋಡಿಸುವ ಹಬ್ ಡೈನೊ ಕೂಡ ಇದೆ. ಅದರಲ್ಲಿ ಟಯರಿನ ತಲೆಬಿಸಿಯೇ ಇಲ್ಲ.

ಮೊದಲ ಕೆಲಸ: ಟಯರ್ ಓದುವುದು

ತಾರೀಕಿನಿಂದ ಶುರು ಮಾಡಿ. ಡಾಟ್ (DOT) ಎಂಬ ಗುರುತಿನ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಕೆಲವು ಸಲ ಅದು ಒಳಮುಖಕ್ಕೆ ಇರುತ್ತದೆ, ಟಾರ್ಚ್ ಹಿಡಿದು ಗಾಡಿಯ ಅಡಿಗೆ ಹೋಗಿಯೇ ನೋಡಬೇಕು. ಆರು ವರ್ಷ ದಾಟಿದ ಟಯರನ್ನು ನಾನು ಪೂರ್ತಿ ಆಕ್ಸಿಲರೇಟರಿನ ಓಟಕ್ಕೆ ಹತ್ತಿಸುವುದಿಲ್ಲ. ಗೆರೆ ಎಷ್ಟೇ ಆಳ ಇರಲಿ. ನಮ್ಮ ಊರಿನಲ್ಲಿ ಇದನ್ನು ಒತ್ತಿ ಹೇಳಬೇಕು. ಮುಂಬೈ, ದುಬೈ, ಕುವೈತ್ ಎಂದು ಹೋದವರ ಮನೆಗಳಲ್ಲಿ ಓಡದೆ ನಿಂತ ಕಾರುಗಳು ಎಷ್ಟಿಲ್ಲ! ನಿಂತ ಟಯರ್ ಸವೆಯುವುದಿಲ್ಲ, ಆದರೆ ಮುದಿಯಾಗುತ್ತದೆ. ಒಂದೇ ಭಂಗಿಯಲ್ಲಿ ತಿಂಗಳುಗಟ್ಟಲೆ ನಿಂತು ಒಂದು ಕಡೆ ಚಪ್ಪಟೆಯೂ ಆಗಿರುತ್ತದೆ.

ಆಮೇಲೆ ವೇಗದ ಅಕ್ಷರ. ಅಳತೆಯ ಕೊನೆಯಲ್ಲಿ 88 ಎಚ್, 85 ಟಿ ಎಂಬ ಹಾಗೆ ಬರೆದಿರುತ್ತದೆ. ಅಕ್ಷರ ಹೇಳುವುದು ವೇಗ. ಪಿ ಎಂದರೆ 150, ಎಸ್ ಎಂದರೆ 180, ಟಿ 190, ಎಚ್ 210, ವಿ 240. ಸ್ಕೂಟರ್ ಟಯರಿನಲ್ಲಿ ಜೆ ಕಂಡರೆ 100, ಎಲ್ ಕಂಡರೆ 120. ಅಂಕಿ ಹೇಳುವುದು ಭಾರ. 85 ಎಂದರೆ ಒಂದು ಟಯರಿಗೆ 515 ಕಿಲೊ, 88 ಎಂದರೆ 560 ಕಿಲೊ, 91 ಎಂದರೆ 615 ಕಿಲೊ. ಈ ಅಕ್ಷರವನ್ನೂ ಅಂಕಿಯನ್ನೂ ಒಂದು ಚೀಟಿಯಲ್ಲಿ ಬರೆದು ಡೈನೊ ಕಂಪ್ಯೂಟರಿನ ಪಕ್ಕ ಅಂಟಿಸಿ. ನಾನು ಚಿಕ್ಕ ರೋಲರಿನಲ್ಲಿ ಅಕ್ಷರದ ವೇಗಕ್ಕಿಂತ ಐದರಲ್ಲಿ ಒಂದು ಪಾಲು ಕೆಳಗೇ ನಿಲ್ಲಿಸುತ್ತೇನೆ. ಟಿ ಟಯರಿಗೆ 150ರ ಆಸುಪಾಸು, ಎಚ್ ಟಯರಿಗೆ 165–170.

ನಂತರ ಕೈಯಿಂದ ಸವರಿ. ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತದೆ. ಮಳೆಗಾಲ ಮುಗಿದ ಮೇಲೆ ಬರುವ ಗಾಡಿಗಳಲ್ಲಿ ಪಕ್ಕದ ಗೋಡೆಯ ಉಬ್ಬು ಬಹಳ. ನೀರು ತುಂಬಿದ ಹೊಂಡಕ್ಕೆ ಇಳಿದಾಗ ಒಳಗಿನ ದಾರ ಕಡಿದಿರುತ್ತದೆ, ಹೊರಗೆ ಲಿಂಬೆ ಗಾತ್ರದ ಗುಳ್ಳೆ. ಆ ಗುಳ್ಳೆ ಒಳಮುಖದಲ್ಲಿದ್ದರೆ ಓನರಿಗೆ ಗೊತ್ತೇ ಇರುವುದಿಲ್ಲ. ಉಬ್ಬು ಕಂಡರೆ ಮಾತೇ ಬೇಡ, ಅವತ್ತು ಡೈನೊ ಇಲ್ಲ. ರಿಸೋಲ್ ಮಾಡಿದ, ಅಂದರೆ ಸವೆದ ಮೇಲೆ ಹೊಸ ರಬ್ಬರ್ ಅಂಟಿಸಿದ ಟಯರ್, ಸ್ಟೆಪ್ನಿಗೆ ಕೊಡುವ ಸಪೂರ ಟಯರ್, ಹೊರಗಿನಿಂದ ದಾರ ತುರುಕಿ ಪಂಕ್ಚರ್ ಮುಚ್ಚಿದ ಟಯರ್, ಇವೂ ಬೇಡ. ಚಾರ್ಮಾಡಿ ಕಡೆ ಕಾಡು ಸುತ್ತುವವರು ಹಾಕಿಸುವ ದಪ್ಪ ಗಡ್ಡೆಯ ಮಡ್ ಟಯರ್ ಬೇಗ ಬಿಸಿಯಾಗುತ್ತದೆ, ಗಡ್ಡೆ ಕಿತ್ತುಕೊಂಡು ಹಾರಬಹುದು. ತೀರಾ ಹೊಸ ಟಯರಿನ ಮೇಲ್ಮೈಯೂ ಜಾರುತ್ತದೆ. ನೂರಿನ್ನೂರು ಕಿಲೊಮೀಟರ್ ಓಡಿಸಿ ತನ್ನಿ.

ಕಲ್ಲು ಕೀಳುವ ಕೆಲಸವನ್ನು ಬಿಡಲೇಬೇಡಿ. ಮುರಕಲ್ಲಿನ ಹರಳು, ಡಾಂಬರು ಜಲ್ಲಿ ಗೆರೆಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಹಳೆಯ ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ತೆಗೆಯಿರಿ. 160ರ ವೇಗದಲ್ಲಿ 5 ಗ್ರಾಮಿನ ಒಂದು ಕಲ್ಲಿನ ಮೇಲೆ ಹೊರಮುಖವಾಗಿ 3 ಕಿಲೊಗಿಂತ ಜಾಸ್ತಿ ಎಳೆತ ಇರುತ್ತದೆ. ಕಿತ್ತುಕೊಂಡರೆ ಅದು ಹೋಗುವುದೂ ಅದೇ 160ರ ವೇಗದಲ್ಲಿ. ರಿಮ್ಮಿಗೆ ಅಂಟಿಸಿದ ಬ್ಯಾಲೆನ್ಸಿಂಗ್ ಸೀಸದ ತುಂಡೂ ಹಾಗೆಯೇ. ಸಡಿಲ ಇದ್ದರೆ ಮೊದಲೇ ತೆಗೆದು ಹೊಸದು ಹಾಕಿಸಿ.

ಗಾಳಿ

ಟಯರ್ ತಣ್ಣಗಿರುವಾಗ ಅಳೆಯಿರಿ. ಪಂಪ್‌ವೆಲ್‌ನಿಂದ ಬೈಕಂಪಾಡಿಗೆ ಹೆದ್ದಾರಿಯಲ್ಲಿ ಬಂದು ತಕ್ಷಣ ಅಳೆದರೆ ಲೆಕ್ಕ ತಪ್ಪುತ್ತದೆ. ಡ್ರೈವರ್ ಬಾಗಿಲ ಪಕ್ಕದ ಸ್ಟಿಕರಿನಲ್ಲಿ ಸಾಮಾನ್ಯವಾಗಿ ಎರಡು ಪ್ರೆಷರ್ ಇರುತ್ತದೆ. ಕಡಿಮೆ ಜನರಿಗೆ ಒಂದು, ಪೂರ್ತಿ ಲೋಡಿಗೆ ಒಂದು. ನಾನು ಪೂರ್ತಿ ಲೋಡಿನದನ್ನು ಹಾಕುತ್ತೇನೆ, ಎಡ ಬಲ ಎರಡಕ್ಕೂ ಒಂದೇ ಸಮ.

ಗಾಳಿ ಜಾಸ್ತಿ ಮಾಡಿದರೆ ಮಡಿಕೆ ಕಡಿಮೆ, ಬಿಸಿ ಕಡಿಮೆ. ಹೊಗೆ ಪರೀಕ್ಷೆಯ ನಿಯಮ ಮಾಡಿದವರಿಗೂ ಇದು ಗೊತ್ತಿತ್ತು. ಎರಡು ರೋಲರಿನ ಡೈನೊ ಆದರೆ ಕಂಪನಿ ಹೇಳಿದ್ದಕ್ಕಿಂತ ಶೇಕಡ 50ರವರೆಗೆ ಜಾಸ್ತಿ ಗಾಳಿ ಹಾಕಲು ಯುಎನ್ 83ನೇ ನಿಯಮದಲ್ಲಿ ಅವಕಾಶ ಉಂಟು. ಅಮೆರಿಕದ ನಿಯಮ ಟಯರ್ ಹಾಳಾಗದಿರಲಿ ಎಂದು 45 ಪಿಎಸ್‌ಐವರೆಗೆ ಬಿಟ್ಟಿತ್ತು. ಆದರೆ ಅವು ನಿಧಾನವಾಗಿ ಓಡಿಸುವ ಪರೀಕ್ಷೆಗಳು. ನಾವು ಮಾಡುವುದು ಪೂರ್ತಿ ಒತ್ತಿದ ಓಟ. ಗಾಳಿ ತುಂಬ ಆದರೆ ಟಯರ್ ಉರುಟಾಗಿ ಹಿಡಿತ ಕಡಿಮೆಯಾಗುತ್ತದೆ, ಜಾರುತ್ತದೆ, ಜಾರಿದರೆ ಮತ್ತೆ ಬಿಸಿ. ಹಾಗಾಗಿ ಸ್ಟಿಕರಿನ ದೊಡ್ಡ ಅಂಕಿಗಿಂತ ಮೂರು ನಾಲ್ಕು ಪಿಎಸ್‌ಐ ಮೇಲೆ ಸಾಕು. ಟಯರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಪ್ರೆಷರನ್ನು ಮಾತ್ರ ಯಾವ ಕಾರಣಕ್ಕೂ ದಾಟಬೇಡಿ. ಓಟದ ನಡುವೆ ಬಿಸಿಯಾಗಿ ಪ್ರೆಷರ್ ಏರುತ್ತದೆ. ಹೆದರಿ ಗಾಳಿ ಬಿಡಬೇಡಿ. ಸುಮ್ನೆ ತಣ್ಣಗಾಗಲು ಬಿಡಿ.

ಯಾವ ಗೇರ್? ಮೊದಲೇ ಲೆಕ್ಕ ಹಾಕಿ

ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದು. ಹೆಚ್ಚಿನ ಕಡೆ "ನಾಲ್ಕನೇ ಗೇರ್ ಹಾಕಿ" ಎಂದು ಹೇಳಿ ಬಿಡುತ್ತಾರೆ. ಎಷ್ಟೋ ಸಲ ಅದು ಸರಿಯೇ. ಆದರೆ ಯಾಕೆ ಎಂದು ಗೊತ್ತಿಲ್ಲದಿದ್ದರೆ ಪವರ್ ಜಾಸ್ತಿ ಮಾಡಿಸಿದ ಗಾಡಿ ಬಂದಾಗ ಎಡವುತ್ತೀರಿ.

ಲೆಕ್ಕ ಸುಲಭ. ಪಿಎಸ್ ಅನ್ನು 270ರಿಂದ ಗುಣಿಸಿ, ವೇಗದಿಂದ ಭಾಗಿಸಿ. ಬರುವುದು ಟಯರ್ ರೋಲರನ್ನು ಎಷ್ಟು ಕಿಲೊ ಬಲದಲ್ಲಿ ತಳ್ಳುತ್ತದೆ ಎಂಬುದು. ಗೇರ್‌ಬಾಕ್ಸಿನಲ್ಲಿ ಕಳೆದುಹೋಗುವುದನ್ನು ಇಲ್ಲಿ ಬಿಟ್ಟಿದ್ದೇನೆ. ಬಿಟ್ಟರೆ ಲೆಕ್ಕ ಜಾಗ್ರತೆಯ ಕಡೆಗೇ ವಾಲುತ್ತದೆ.

ಒಂದು ಮುಂಚಕ್ರದ (ಮುಂದಿನ ಚಕ್ರಕ್ಕೆ ಪವರ್ ಹೋಗುವ) ಟರ್ಬೊ ಕಾರು ತೆಗೆದುಕೊಳ್ಳಿ. ಅದರ ಮುಂದಿನ ಎರಡು ಚಕ್ರದ ಮೇಲೆ ಒಟ್ಟು 600 ಕಿಲೊ ಭಾರ ಇರಲಿ. ಸ್ಟೀಲ್ ರೋಲರಿನ ಮೇಲೆ ಹಿಡಿತ ಆ ಭಾರದ ಶೇಕಡ 60 ಎಂದು ಇಟ್ಟುಕೊಳ್ಳಿ. ಅಂದರೆ 360 ಕಿಲೊ ದಾಟಿದರೆ ಜಾರುತ್ತದೆ. ಪವರಿನ ತುದಿಯಲ್ಲಿ, ಅಂದರೆ ಪವರ್ ಅತಿ ಹೆಚ್ಚು ಇರುವಲ್ಲಿ, ವೇಗ ಮೂರನೇ ಗೇರಿಗೆ 105, ನಾಲ್ಕಕ್ಕೆ 145, ಐದಕ್ಕೆ 185 ಎಂದು ಇರಲಿ.

ಕಂಪನಿಯಿಂದ ಬಂದ ಹಾಗೆ 100 ಪಿಎಸ್ ಇದ್ದರೆ ಮೂರನೇ ಗೇರಿನಲ್ಲಿ 257 ಕಿಲೊ, ನಾಲ್ಕರಲ್ಲಿ 186. ಎರಡೂ ಆರಾಮ. ಇನ್ನು ಇದೇ ಕಾರು ಟ್ಯೂನ್ ಮಾಡಿಸಿ 180 ಪಿಎಸ್ ಆಯಿತು ಅನ್ನಿ. ಮೂರರಲ್ಲಿ 463 ಕಿಲೊ, ಖಂಡಿತ ಜಾರುತ್ತದೆ. ನಾಲ್ಕರಲ್ಲಿ 335, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಟರ್ಬೊ ಗಾಡಿಯಲ್ಲಿ ತಳ್ಳುವ ಬಲ ಜಾಸ್ತಿ ಇರುವುದು ಟಾರ್ಕಿನ (ಎಂಜಿನ್ ತಿರುಗಿಸುವ ಬಲದ) ತುದಿಯಲ್ಲಿ, ಪವರಿನ ತುದಿಯಲ್ಲಿ ಅಲ್ಲ. ಅಲ್ಲಿ ಶೇಕಡ 15 ಜಾಸ್ತಿ ಎಂದರೂ 385 ಆಯಿತು. ಜಾರಿತು! ಐದನೇ ಗೇರಿನಲ್ಲಿ ಬರೀ 263, ಹಿಡಿತಕ್ಕೆ ಏನೂ ತೊಂದರೆ ಇಲ್ಲ. ಆದರೆ ವೇಗ 185. ಚೀಟಿಯಲ್ಲಿ ಟಿ ಅಂತ ಬರೆದಿದ್ದರೆ ನಾವು ಇಟ್ಟುಕೊಂಡ ಮಿತಿ 150.

ಕೆಳಗಿನ ಗೇರಿನಲ್ಲಿ ಜಾರುತ್ತದೆ, ಮೇಲಿನ ಗೇರಿನಲ್ಲಿ ವೇಗ ಮೀರುತ್ತದೆ. ಆ ಟಯರ್ ಹಾಕಿಕೊಂಡು, ಆ ಡೈನೊ ಮೇಲೆ, ಆ ಗಾಡಿಯ 180 ಪಿಎಸ್ ಅನ್ನು ಇದ್ದ ಹಾಗೇ ಅಳೆಯಲು ದಾರಿಯೇ ಇಲ್ಲ. ಆಗ ಮಾಡಬೇಕಾದ್ದು ಮೂರರಲ್ಲಿ ಒಂದು. ವಿ ಅಥವಾ ಅದಕ್ಕಿಂತ ಮೇಲಿನ ಅಕ್ಷರದ ಟಯರ್ ಹಾಕಿಸಿ ತರುವುದು. ಗಾಡಿ ಕಟ್ಟುವ ಬೆಲ್ಟಿನಿಂದ ಕೆಳಗೆ ಎಳೆದು ಭಾರ ಸ್ವಲ್ಪ ಏರಿಸುವುದು. ಅಥವಾ ಹಬ್ ಡೈನೊ ಇರುವ ಊರಿಗೆ ಹೋಗುವುದು. "ಒಂದು ಸಲ ನೋಡುವ, ಏನೂ ಆಗುವುದಿಲ್ಲ" ಎಂಬ ನಾಲ್ಕನೇ ದಾರಿಯನ್ನು ದಯವಿಟ್ಟು ಒಪ್ಪಬೇಡಿ. ಓನರೇ ಹೇಳಿದರೂ ಒಪ್ಪಬೇಡಿ.

ಗಾಡಿ ಹಗುರ ಇದ್ದಷ್ಟು ಈ ಮಿತಿ ಬೇಗ ಬರುತ್ತದೆ. ಸುರತ್ಕಲ್ ಎನ್‌ಐಟಿಕೆಯಲ್ಲಿ, ಮಣಿಪಾಲ ಎಂಐಟಿಯಲ್ಲಿ ವಿದ್ಯಾರ್ಥಿಗಳು ಕಟ್ಟುವ ಫಾರ್ಮುಲಾ ಕಾರುಗಳನ್ನು ನೋಡಿ. ಅಂಥ ಹಲವು ಕಾರುಗಳಲ್ಲಿ ಎಂಜಿನ್ ಬೈಕಿನದು, ಹಿಂದಿನ ಚಕ್ರದ ಮೇಲೆ ಭಾರ ಬಹಳ ಕಡಿಮೆ. ಅಂಥ ಗಾಡಿ ರೋಲರ್ ಹತ್ತುವ ಮುಂಚೆ ಈ ಲೆಕ್ಕ ಹಾಳೆಯ ಮೇಲೆ ಆಗಿರಬೇಕು.

ಕಟ್ಟುವುದು

ನಾಲ್ಕೂ ಚಕ್ರಕ್ಕೆ ಯಾವಾಗಲೂ ಪವರ್ ಹೋಗುವ ಗಾಡಿಯನ್ನು ಎರಡು ಚಕ್ರದ ಡೈನೊ ಮೇಲೆ ಹತ್ತಿಸಲೇಬೇಡಿ. ಗಾಡಿ ಮುಂದಕ್ಕೆ ಹಾರುತ್ತದೆ. ಲಿವರಿನಿಂದ ಬದಲಿಸುವ ಗಾಡಿಯಾದರೆ ಎರಡು ಚಕ್ರದ ಸ್ಥಾನಕ್ಕೆ ಹಾಕಿ, ಕೆಳಗೆ ಇಣುಕಿ ಖಚಿತ ಮಾಡಿಕೊಳ್ಳಿ.

ಹಿಂಚಕ್ರದ ಗಾಡಿಗೆ ಮುಂದಿನ ಚಕ್ರಗಳ ಎರಡೂ ಬದಿಗೆ ಮರದ ತುಂಡು ಕೊಡಿ. ಮುಂಚಕ್ರದ ಗಾಡಿಗೆ ಹಿಂದೆ ಹ್ಯಾಂಡ್‌ಬ್ರೇಕ್ ಮತ್ತು ಮರದ ತುಂಡು ಎರಡೂ ಬೇಕು. ಬೆಲ್ಟುಗಳನ್ನು ಅಡ್ಡಡ್ಡ ಕಟ್ಟಿ, ಇಲ್ಲದಿದ್ದರೆ ಸ್ಟೀರಿಂಗ್ ಚಕ್ರಗಳು ಆಚೀಚೆ ಅಲೆಯುತ್ತವೆ. ಬೆಲ್ಟ್ ಟಯರಿಗೂ ಬ್ರೇಕ್ ಪೈಪಿಗೂ ತಾಗಬಾರದು.

ಮಲ್ಪೆ, ಉಳ್ಳಾಲ ಕಡೆ ಕಡಲಿನ ಬದಿಯಲ್ಲೇ ನಿಲ್ಲುವ ಗಾಡಿಗಳ ಅಡಿಭಾಗವನ್ನು ಉಪ್ಪುಗಾಳಿ ತಿಂದಿರುತ್ತದೆ. ಬೆಲ್ಟ್ ಕಟ್ಟುವ ಕೊಕ್ಕೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಪದರ ಪದರವಾಗಿ ತುಕ್ಕು ಉದುರಿದರೆ ಬೇರೆ ಜಾಗ ಹುಡುಕಿ. ಡೈನೊ ಇಟ್ಟುಕೊಂಡವರಿಗೂ ಒಂದು ಮಾತು. ಇದೇ ಗಾಳಿ ನಿಮ್ಮ ರೋಲರಿನ ಮೇಲೂ ತುಕ್ಕಿನ ಪೊರೆ ಹಾಕುತ್ತದೆ. ದಿನಾ ಬೆಳಿಗ್ಗೆ ತಂತಿ ಬ್ರಷ್ಷಿನಿಂದ ಉಜ್ಜಿ.

ಬೆಲ್ಟ್ ಎಳೆದಷ್ಟೂ ಟಯರ್ ಮೇಲೆ ಭಾರ ಬೀಳುತ್ತದೆ ಎಂಬುದನ್ನು ಮರೆಯಬೇಡಿ. ಆ 600 ಕಿಲೊ ಕಾರಿಗೆ ಇನ್ನೂ 100 ಕಿಲೊ ಎಳೆದರೆ ಹಿಡಿತ 420ಕ್ಕೆ ಏರುತ್ತದೆ. ನಾಲ್ಕನೇ ಗೇರಿನ 385 ಅದರೊಳಗೆ ಬಂತು, ವೇಗವೂ 145. ಹಾಗಂತ ಇನ್ನೂ ಎಳೆಯುತ್ತಾ ಹೋದರೆ ರೋಲರ್ ಟಯರಿನ ಒಳಕ್ಕೆ ಹೋಗುತ್ತದೆ. ಗಾಡಿಯ ಭಾರ, ಬೆಲ್ಟಿನ ಎಳೆತ ಎರಡೂ ಸೇರಿ ಟಯರಿನ ಭಾರದ ಅಂಕಿಯ ಶೇಕಡ 70 ದಾಟದ ಹಾಗೆ ನಾನು ನೋಡಿಕೊಳ್ಳುತ್ತೇನೆ.

ಓಡಿಸುವಾಗ

ವೀಲ್ ನಟ್‌ಗಳನ್ನು ಟಾರ್ಕ್ ಸ್ಪ್ಯಾನರಿನಿಂದ (ಬಿಗಿತ ಅಳೆಯುವ ಪಾನ) ಕಂಪನಿ ಹೇಳಿದ ಅಳತೆಗೆ ಬಿಗಿ ಮಾಡಿ. ಟಯರಿನಿಂದ ರಿಮ್ಮಿನವರೆಗೆ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆಯಿರಿ. ಓಟದ ನಂತರ ಗೆರೆ ಮುರಿದಿದ್ದರೆ ಟಯರ್ ರಿಮ್ಮಿನ ಮೇಲೆಯೇ ಜಾರಿದೆ ಎಂದರ್ಥ.

ಆಟಿಯ (ತುಳು ಆಷಾಢದ) ಮಳೆಯಲ್ಲಿ ನೆನೆದು ಬಂದ ಗಾಡಿಯ ಟಯರನ್ನು ಬಟ್ಟೆಯಿಂದ ಒರೆಸಿ, ಮಡ್‌ಗಾರ್ಡಿನಿಂದ ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಒದ್ದೆ ಸ್ಟೀಲಿನ ಮೇಲೆ ಮೇಲಿನ ಲೆಕ್ಕದ ಶೇಕಡ 60 ಹಿಡಿತ ಸಿಗುವುದಿಲ್ಲ. ಎಕ್ಸಾಸ್ಟ್ ಹೊಗೆ ಹೊರಗೆ ಎಳೆಯುವ ಪೈಪ್ ಜೋಡಿಸಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇಡಿ. ತಿರುಗುವ ಚಕ್ರದ ಸಾಲಿನಲ್ಲಿ, ಮುಂದೆಯಾಗಲಿ ಹಿಂದೆಯಾಗಲಿ, ಯಾರೂ ನಿಲ್ಲಬಾರದು. ವಿಡಿಯೊ ಮಾಡುವವರು ಸರಿಯಾಗಿ ಅಲ್ಲಿಯೇ ನಿಲ್ಲುತ್ತಾರೆ. ಅವರನ್ನು ಬದಿಗೆ ಕಳಿಸಿ. ಇನ್ನೊಂದು ಫ್ಯಾನ್ ಇದ್ದರೆ ಟಯರ್ ಕಡೆಗೆ ತಿರುಗಿಸಿ.

ಮೊದಲು 50–60ರ ವೇಗದಲ್ಲಿ ಎರಡು ಮೂರು ನಿಮಿಷ ಸುಮ್ನೆ ತಿರುಗಿಸಿ. ಗಾಡಿ ನೇರ ಕೂತಿದೆಯಾ, ನಡುಗುತ್ತದಾ, ಟಪ್ ಟಪ್ ಸದ್ದು ಇದೆಯಾ ನೋಡಿ. ನಿಲ್ಲಿಸಿ, ಬೆಲ್ಟ್ ಮತ್ತೊಮ್ಮೆ ಬಿಗಿ ಮಾಡಿ. ಚಕ್ರ ಜಾರದಂತೆ ಪವರ್ ತಗ್ಗಿಸುವ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿದ ಮೇಲೆ ಅಳೆಯುವ ಓಟ.

ಜಾರುತ್ತಿದೆಯಾ ಎಂದು ತಿಳಿಯಲು ಸುಲಭ ದಾರಿ ಉಂಟು. ಒಂದೇ ಗೇರಿನಲ್ಲಿ ಎಂಜಿನ್ ಆರ್‌ಪಿಎಂ ಮತ್ತು ರೋಲರ್ ವೇಗ ಒಟ್ಟಿಗೇ ಏರಬೇಕು. 3000ಕ್ಕೆ 90 ಇದ್ದರೆ 5000ಕ್ಕೆ 150 ಇರಬೇಕು. 140 ತೋರಿಸಿದರೆ ಟಯರ್ ಸುಮಾರು ಶೇಕಡ 7 ಜಾರಿದೆ. ಗ್ರಾಫಿನಲ್ಲಿ ಗರಗಸದ ಹಲ್ಲಿನಂಥ ಗೆರೆ ಬಂದರೂ ಅದೇ ಗುಮಾನಿ. ಅಂಥ ಓಟದ ಅಂಕಿಯನ್ನು ನಂಬಬೇಡಿ, ಅದೇ ಓಟವನ್ನು ಹಾಗೆಯೇ ಮತ್ತೆ ಮಾಡಬೇಡಿ. ಗೇರಿಲ್ಲದ ಸ್ಕೂಟರಿನಲ್ಲಿ, ಅಂದರೆ ಬೆಲ್ಟ್ ಡ್ರೈವಿನಲ್ಲಿ, ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಅನುಪಾತವೇ ಬದಲಾಗುತ್ತಿರುತ್ತದೆ.

ಹತ್ತು ಹದಿನೈದು ಸೆಕೆಂಡಿನ ಒಂದು ಓಟ ಒಳ್ಳೆಯ ಟಯರಿಗೆ ದೊಡ್ಡ ವಿಷಯವಲ್ಲ. ಅಪಾಯ ಇರುವುದು ರೋಲರಿಗೆ ಲೋಡ್ (ತಡೆ) ಕೊಟ್ಟು ಒಂದೇ ವೇಗದಲ್ಲಿ ಹಿಡಿದು ಟ್ಯೂನ್ ಮಾಡುವಾಗ. ಲ್ಯಾಪ್‌ಟಾಪ್ ನೋಡುತ್ತಾ ನಿಮಿಷಗಳು ಹೋದದ್ದು ಗೊತ್ತಾಗುವುದಿಲ್ಲ. ಕೆಲವೇ ಸೆಕೆಂಡ್ ಹಿಡಿಯಿರಿ, ಬಿಡಿ. ಪ್ರತಿ ಓಟದ ನಂತರ ಗನ್ ಥರ್ಮಾಮೀಟರಿನಿಂದ ಟಯರಿನ ಮೇಲ್ಮೈ ಮತ್ತು ಪಕ್ಕದ ಗೋಡೆ ಎರಡನ್ನೂ ಅಳೆಯಿರಿ. 80 ಡಿಗ್ರಿ ಕಂಡರೆ ನಾನು ನಿಲ್ಲಿಸುತ್ತೇನೆ, ಏಕೆಂದರೆ ಒಳಗೆ ಅದಕ್ಕಿಂತ ಜಾಸ್ತಿ ಇರುತ್ತದೆ. ಎಡಕ್ಕೂ ಬಲಕ್ಕೂ ದೊಡ್ಡ ವ್ಯತ್ಯಾಸ ಇದ್ದರೂ ನಿಲ್ಲಿಸಿ.

ಜುಲೈ ತಿಂಗಳಿನಲ್ಲಿ ಅಂಕಿ ಕಡಿಮೆ ಬಂತು ಎಂದು ಇನ್ನೊಂದು ಓಟ, ಮತ್ತೊಂದು ಓಟ ಎಂದು ಕೇಳುವವರಿದ್ದಾರೆ. ನಮ್ಮ ಮಳೆಗಾಲದ ತೇವದಲ್ಲಿ ಗಾಳಿಯ ಒತ್ತಡದ ಶೇಕಡ ಮೂರೂವರೆಯಷ್ಟು ಬರೀ ನೀರಿನ ಆವಿ. ಎಂಜಿನ್ನಿಗೆ ಸಿಗುವ ಆಮ್ಲಜನಕ ಅಷ್ಟು ಕಡಿಮೆ. ಅದನ್ನು ಸರಿದೂಗಿಸಲು ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ ಮಾಡಿದ ಜೆ1349 ಎಂಬ ಲೆಕ್ಕ ಇದೆ. 25 ಡಿಗ್ರಿ, 99 ಕಿಲೊಪಾಸ್ಕಲ್ ಒಣ ಗಾಳಿಗೆ ಹೊಂದಿಸಿ ಹೇಳುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ಆನ್ ಮಾಡಿದರೆ ಆಯಿತು, ಟಯರನ್ನು ಇನ್ನೊಮ್ಮೆ ಸುಡಬೇಕಾಗಿಲ್ಲ.

ಓಟದ ನಡುವೆ ಟಯರ್ ಒಡೆದರೆ ಆಕ್ಸಿಲರೇಟರ್ ಬಿಡಿ, ಕ್ಲಚ್ ಒತ್ತಿ, ಸ್ಟೀರಿಂಗ್ ನೇರ ಹಿಡಿಯಿರಿ. ಗಾಡಿಯ ಬ್ರೇಕನ್ನು ಜೋರಾಗಿ ತುಳಿಯಬೇಡಿ. ಭಾರದ ರೋಲರ್ ಇನ್ನೂ ತಿರುಗುತ್ತಿರುತ್ತದೆ, ಗಾಡಿ ಅದರಿಂದ ಹೊರಗೆ ಏರಬಹುದು. ರೋಲರನ್ನು ಡೈನೊದ ಬ್ರೇಕಿನಿಂದಲೇ ನಿಲ್ಲಿಸಬೇಕು.

ಬೈಕಿನವರಿಗೆ

ಮುಂದಿನ ಚಕ್ರ ಕ್ಲಾಂಪಿನಲ್ಲಿ ಗಟ್ಟಿ ಕೂರಲಿ. ಬೆಲ್ಟನ್ನು ಹ್ಯಾಂಡಲ್ ತುದಿಗೆ ಕಟ್ಟಬೇಡಿ, ಫೋರ್ಕಿನ ಗಟ್ಟಿ ಭಾಗಕ್ಕೆ ಕಟ್ಟಿ. ಚೈನಿನ ಸಡಿಲವನ್ನು ಬೆಲ್ಟ್ ಎಳೆದ ಮೇಲೆ, ಸವಾರ ಕೂತ ಮೇಲೆ ಇನ್ನೊಮ್ಮೆ ನೋಡಿ. ಹಿಂದಿನ ಚಕ್ರದ ಮೇಲೆ 120 ಕಿಲೊ ಇದ್ದರೆ, ಅದೇ ಶೇಕಡ 60 ಹಿಡಿತಕ್ಕೆ 72 ಕಿಲೊ ಬಲ. 100ರ ವೇಗದಲ್ಲಿ ಅದು ಸುಮಾರು 27 ಪಿಎಸ್. ಅದಕ್ಕಿಂತ ಪವರ್ ಇರುವ ಬೈಕಿಗೆ ಮೇಲಿನ ಗೇರ್ ಬೇಕು, ಇಲ್ಲವೇ ಬೆಲ್ಟಿನ ಎಳೆತ ಬೇಕು. ಹೆದ್ದಾರಿಯಲ್ಲೇ ಓಡಿ ನಡು ಸವೆದು ಚೌಕವಾದ ಟಯರ್ ತರಬೇಡಿ. ರೋಲರ್ ಒತ್ತುವುದು ಸರಿಯಾಗಿ ಆ ಸವೆದ ನಡುವಿನ ಮೇಲೆಯೇ. ಬೈಕ್ ಹಿಂದೆ ಯಾರೂ ನಿಲ್ಲಬಾರದು. ಚೈನ್ ಕಡಿದರೆ ಅದು ಹೋಗುವುದು ಹಿಂದಕ್ಕೆ.

ಇಳಿಸಿದ ಮೇಲೆ

ಚಾಕ್ ಗೆರೆ ನೋಡಿ. ಟಯರಿನ ಸುತ್ತ ಕೈ ಆಡಿಸಿ, ಹೊಸ ಉಬ್ಬು, ಕಿತ್ತ ಗಡ್ಡೆ ಇದೆಯಾ ಎಂದು. ಜಾಸ್ತಿ ಹಾಕಿದ ಗಾಳಿಯನ್ನು ಟಯರ್ ತಣ್ಣಗಾದ ಮೇಲೆ ಸ್ಟಿಕರಿನ ಮಟ್ಟಕ್ಕೆ ಇಳಿಸಿ. ಓಟದ ಕಾಗದದ ಮೇಲೆ ಅಂಕಿಯ ಜೊತೆ ಟಯರಿನ ಅಳತೆ, ಪ್ರೆಷರ್, ಗೇರ್, ಬೆಲ್ಟ್ ಎಷ್ಟು ಎಳೆದದ್ದು ಎಂದೂ ಬರೆಸಿಕೊಳ್ಳಿ. ಮುಂದಿನ ಸಲ ಇವು ಬದಲಾದರೆ ಎಂಜಿನ್ ಬದಲಾಗದೆಯೂ ಅಂಕಿ ಬದಲಾಗುತ್ತದೆ.

ಮನೆಗೆ ಹೋಗುವ ದಾರಿಯಲ್ಲಿ ಮೊದಲ ಹತ್ತು ಕಿಲೊಮೀಟರ್ 60 ದಾಟಬೇಡಿ. ಸ್ಟೀರಿಂಗಿನಲ್ಲಿ ಹೊಸ ನಡುಕ ಬಂದರೆ ಬದಿಗೆ ನಿಲ್ಲಿಸಿ ನೋಡಿ. ಮರುದಿನ ಬೆಳಿಗ್ಗೆ ಟಯರ್ ತಣ್ಣಗಿರುವಾಗ ಪ್ರೆಷರ್ ಮತ್ತೊಮ್ಮೆ ಅಳೆಯಿರಿ. ಒಂದು ಟಯರ್ ಮಾತ್ರ ಇಳಿದಿದ್ದರೆ ಅದನ್ನು ರಿಮ್ಮಿನಿಂದ ಬಿಚ್ಚಿಸಿ, ಒಳಮುಖಕ್ಕೆ ಟಾರ್ಚ್ ಹಾಕಿ ನೋಡಿಸಿ.